ಸೋಲದ ತಂಡಕ್ಕೆ ಬಾರದ ಕರೆ

ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ. 1951ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ತಂಡ ಆಡಿದ 9 ಪಂದ್ಯಗಳನ್ನೂ ಗೆದ್ದಿತು. ಋತುವಿನ ಕೊನೆಗೆ ಉತ್ತಮ ತಂಡಗಳನ್ನು ಕರೆಸಿ ಆಡಿಸುವ 'ಬೌಲ್' ಪಂದ್ಯಗಳಿಂದ ಕೀರ್ತಿಯ ಜೊತೆಗೆ ಹಣವೂ ಬರುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಆ ಹಣ ಬೇಕೇ ಇತ್ತು.

ಆದರೆ ತಂಡದಲ್ಲಿ ಓಲಿ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬ ಇಬ್ಬರು ಕಪ್ಪು ಆಟಗಾರರಿದ್ದರು. ವರ್ಣಭೇದ ಬೇರೂರಿದ್ದ ದಕ್ಷಿಣದಿಂದ ಬಂದ ಸೂಚನೆ: ಅವರಿಬ್ಬರನ್ನು ಬಿಟ್ಟು ಬನ್ನಿ. ಉಳಿದವರು ಒಪ್ಪಲಿಲ್ಲ. ಪಂದ್ಯ ಸೋತಿದ್ದ ತಂಡಗಳಿಗೂ ಆ ವರ್ಷ ಕರೆ ಹೋಯಿತು, ಇವರಿಗೆ ಬರಲಿಲ್ಲ. ನಷ್ಟ ತಾಳಲಾರದೆ ವಿಶ್ವವಿದ್ಯಾಲಯ ತಂಡವನ್ನೇ ವಿಸರ್ಜಿಸಿತು.

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಓಟಗಳಲ್ಲಿ ಎರಡು ಪದಕ ಗೆದ್ದರು. ಮಂಡಿಗೆ ಪೆಟ್ಟಾಗಿ ಆಟ ಬಿಟ್ಟ ಟೋಲರ್, 1965ರಲ್ಲಿ ವೃತ್ತಿಪರ ಲೀಗ್‌ನ ಮೊದಲ ಕಪ್ಪು ತೀರ್ಪುಗಾರರಾಗಿ ಮೈದಾನಕ್ಕೆ ಮರಳಿದರು.