ಮಗ್ಗುಲಾದ ಗ್ರಹವೂ ಕಾವಲೂರಿನ ದಾಖಲೆಯೂ

ಭೂಮಿಯ ಅಕ್ಷದ ಓಲು 23.4 ಡಿಗ್ರಿ; ಯುರೇನಸ್ಸಿನದು ಸುಮಾರು 97.8. ಆ ಗ್ರಹ ಮಗ್ಗುಲಾಗಿ ಮಲಗಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಇದರ ಅರ್ಥವನ್ನು ತಿಪಟೂರು ಸೀಮೆಗೆ ಅನ್ವಯಿಸಿ ನೋಡಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ವರ್ಷಕ್ಕೆರಡು ಸಲ ಸೂರ್ಯ ನಡುನೆತ್ತಿಗೆ ಬಂದು ತೆಂಗಿನ ಮರದ ನೆರಳು ಬುಡಕ್ಕೇ ಸೇರುತ್ತದೆ. ಭೂಮಿಯೂ ಯುರೇನಸ್ಸಿನಷ್ಟೇ ಓಲಿದ್ದರೆ ಇದೇ ತೋಟಗಳ ಮೇಲೆ ವರ್ಷದಲ್ಲಿ ಸುಮಾರು ಮೂರು ವಾರ ಸೂರ್ಯ ಮುಳುಗುತ್ತಲೇ ಇರಲಿಲ್ಲ, ಆರು ತಿಂಗಳ ಬಳಿಕ ಅಷ್ಟೇ ದಿನ ಹುಟ್ಟುತ್ತಲೂ ಇರಲಿಲ್ಲ. ಯುರೇನಸ್ಸಿನ ವರ್ಷಕ್ಕೆ ನಮ್ಮ 84 ವರ್ಷ. ಅದರ ಧ್ರುವದಲ್ಲಿ 42 ವರ್ಷ ಹಗಲು, 42 ವರ್ಷ ಇರುಳು. ಆದರೆ ಇದನ್ನೆಲ್ಲ ಮನುಷ್ಯ ತಿಳಿದದ್ದು ಗ್ರಹದ ಮುಖ ನೋಡಿ ಅಲ್ಲ, ಅದರ ಸುತ್ತ ಇರುವುದನ್ನು ಅಳೆದು. ಆ ಅಳತೆಯ ಚರಿತ್ರೆಯಲ್ಲಿ ನಮ್ಮ ದಕ್ಷಿಣದ ಒಂದು ವೀಕ್ಷಣಾಲಯಕ್ಕೂ ನ್ಯಾಯವಾದ ಸ್ಥಾನವಿದೆ.

ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ಕಂಡ ಈ ಗ್ರಹ ದೂರದರ್ಶಕದಲ್ಲಿ ಗುರುತಿಲ್ಲದ ಪುಟ್ಟ ಬಿಲ್ಲೆ. ಗುರುತೇ ಇಲ್ಲದ ಮೇಲೆ ಅದು ತಿರುಗುವುದು ಕಾಣುವುದೆಂತು? ಹರ್ಷೆಲ್ 1787ರಲ್ಲಿ ಅದರ ಎರಡು ಚಂದ್ರರನ್ನು ಗುರುತಿಸಿದ. ಅವುಗಳ ಹಾದಿ ಗ್ರಹದ ಹಾದಿಗೆ ಹೆಚ್ಚುಕಡಿಮೆ ಲಂಬವಾಗಿತ್ತು. ಚಂದ್ರರು ಸಮಭಾಜಕದ ಮೇಲೆಯೇ ಸುತ್ತುತ್ತಿದ್ದರೆ ಗ್ರಹವೂ ಮಲಗಿದೆ ಎಂಬ ಊಹೆ ಅಲ್ಲಿಂದ ಬಲವಾಯಿತು. ಬೆಳಕಿನ ವರ್ಣಪಟಲದಿಂದ ದಿನದ ಉದ್ದ ಅಳೆಯಹೊರಟವರಿಗೆ 20ನೆಯ ಶತಮಾನದ ಆರಂಭದಲ್ಲಿ ಸಿಕ್ಕ ಉತ್ತರ ಹನ್ನೊಂದು ಗಂಟೆಗೆ ಹತ್ತಿರ; ಅದು ನಿಲ್ಲಲಿಲ್ಲ.

1977ರ ಮಾರ್ಚ್ 10ರಂದು ಯುರೇನಸ್ ತುಲಾ ರಾಶಿಯ ಒಂದು ಮಂಕು ನಕ್ಷತ್ರಕ್ಕೆ ಅಡ್ಡ ಬರಲಿತ್ತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರಿನಲ್ಲಿ ಒಂದು ಮೀಟರಿನ ದೂರದರ್ಶಕ ಹೂಡಿ ಆ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು. ನಡುವೆ ಬೆಳಕು ಕೆಲವು ಸೆಕೆಂಡು ಕುಂದಿ ಮತ್ತೆ ಮೊದಲಿನಂತಾಯಿತು. ಇದು ಹೊಸ ಚಂದ್ರನೆಂದು ಅವರು 'ನೇಚರ್' ಪತ್ರಿಕೆಗೆ ಬರೆದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿದ್ದ ಜೇಮ್ಸ್ ಎಲಿಯಟ್, ಎಡ್ವರ್ಡ್ ಡನ್‌ಹ್ಯಾಮ್, ಡಗ್ಲಾಸ್ ಮಿಂಕ್ ಅವರಿಗೆ ಗ್ರಹದ ಎರಡೂ ಬದಿಯಲ್ಲಿ ಒಂದಕ್ಕೊಂದು ಹೊಂದುವ ಐದೈದು ಕುಂದು ಕಂಡವು. ಹಾಗೆ ಎರಡೂ ಕಡೆ ಜೊತೆಯಾಗಿ ಬರುವುದು ಚಂದ್ರನಿಂದ ಸಾಧ್ಯವಿಲ್ಲ, ಉಂಗುರಗಳಿಂದ ಸಾಧ್ಯ.

ಹಾಗಾದರೆ ಕಾವಲೂರಿನವರು ಅರ್ಥೈಸಿದ್ದು ತಪ್ಪು, ಅವರಿಗೇಕೆ ಮಾನ್ಯತೆ ಎಂಬ ಆಕ್ಷೇಪ ಬರಬಹುದು. ಉಂಗುರಗಳನ್ನು ಕಂಡುಹಿಡಿದ ಹಿರಿಮೆ ಎಲಿಯಟ್ ತಂಡದ್ದೇ. ಅದರಲ್ಲಿ ಪಾಲು ಕೇಳುವುದು ಸಲ್ಲದು. ಆದರೆ ಅರ್ಥ ಬದಲಾದರೂ ಅಳತೆ ಉಳಿಯಿತು. ಅದೇ ವರ್ಷ ಅದೇ ಸಂಸ್ಥೆಯ ವೈನು ಬಪ್ಪು ಮತ್ತು ಭಟ್ಟಾಚಾರ್ಯ ಯುರೇನಸ್ಸಿಗೆ ಶನಿಯಂಥ ಉಂಗುರ ವ್ಯವಸ್ಥೆಯಿದೆ ಎಂದು ಬರೆದರು. ಉಂಗುರಗಳು ಅಕ್ಷಕ್ಕೆ ಲಂಬ. ಬೇರೆ ಬೇರೆ ಊರುಗಳಲ್ಲಿ ನಕ್ಷತ್ರ ಮಂಕಾದ ಹೊತ್ತುಗಳನ್ನು ಜೋಡಿಸಿದರೆ ಧ್ರುವ ಯಾವ ದಿಕ್ಕಿಗಿದೆ ಎಂಬುದು ಬಹು ನಿಖರವಾಗಿ ಸಿಗುತ್ತದೆ. ಯಾವ ಒಂದು ಊರಿನ ದಾಖಲೆಯೂ ಒಬ್ಬಂಟಿಯಾಗಿ ಇದನ್ನು ಹೇಳಲಾರದು.

ದಿನದ ಉದ್ದವೂ ಹೊರಗಿನಿಂದಲೇ ತಿಳಿಯಿತು. 1986ರ ಜನವರಿಯಲ್ಲಿ ವಾಯೇಜರ್ 2 ನೌಕೆ ಕಾಂತಕ್ಷೇತ್ರದ ರೇಡಿಯೋ ಮಿಡಿತದಿಂದ 17 ಗಂಟೆ 14 ನಿಮಿಷ ಎಂದು ಲೆಕ್ಕ ಕೊಟ್ಟಿತು. 2025ರಲ್ಲಿ ಹಬಲ್ ದೂರದರ್ಶಕದ ಧ್ರುವಪ್ರಭೆಯ ವೀಕ್ಷಣೆಗಳು ಅದಕ್ಕೆ 28 ಸೆಕೆಂಡು ಸೇರಿಸಿದವು. ಗ್ರಹ ಏಕೆ ಮಗ್ಗುಲಾಯಿತೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಭೂಮಿಯಷ್ಟು ದೊಡ್ಡ ಕಾಯ ಬಡಿದಿರಬೇಕು ಎಂಬ ವಾದ ಹಳೆಯದು; ದೂರ ಸರಿಯುತ್ತ ಹೋದ ದೊಡ್ಡ ಚಂದ್ರನೊಬ್ಬ ಮೆಲ್ಲಗೆ ಓಲಿಸಿರಬಹುದು ಎಂಬುದು ಹೊಸದು. ಎರಡರಲ್ಲಿ ಯಾವುದೇ ಗೆಲ್ಲಲಿ, ಚಂದ್ರರೂ ಉಂಗುರಗಳೂ ಗ್ರಹದೊಡನೆ ಮಗ್ಗುಲಾಗಿರುವುದೇಕೆ ಎಂಬುದಕ್ಕೆ ಅದು ಉತ್ತರ ಹೇಳಲೇಬೇಕು. ಅಂಥ ಪ್ರಶ್ನೆಯನ್ನು ಕೇಳುವಂತೆ ಮಾಡಿದ ಸಾಕ್ಷ್ಯಗಳ ಸಾಲಿನಲ್ಲಿ ಕಾವಲೂರಿನ ಆ ರಾತ್ರಿಯ ದಾಖಲೆಯೂ ಒಂದು. ಅದನ್ನು ನಮ್ಮ ವಿಜ್ಞಾನ ಚರಿತ್ರೆಯ ಪಾಠಗಳಲ್ಲಿ ಹೆಸರು ಹೇಳಿ ಬರೆಯಬೇಕು.