ಗಿಡ ಹುಡುಕಿದ ವೈದ್ಯರು

ಬೆಳಗಾವಿಗೆ ದೊಡ್ಡ ಸಸ್ಯೋದ್ಯಾನವಿರಲಿಲ್ಲ. ಖಾನಾಪುರದ ಕಾಡೇ ಸಾಕಿತ್ತು. 19ನೇ ಶತಮಾನದ ಮಧ್ಯಭಾಗದಲ್ಲಿ ಇಲ್ಲಿಯ ಗಿಡಗಳನ್ನು ಒಣಗಿಸಿ ಕೂಡಿಟ್ಟವರು ಡೇವಿಡ್ ರಿಚಿ ಎಂಬ ಬ್ರಿಟಿಷ್ ವೈದ್ಯ. ವೈದ್ಯನಿಗೆ ಗಿಡದ ಗೀಳೇಕೆ? ಆಗ ಔಷಧಿಯ ಬಹುಪಾಲು ಗಿಡದಿಂದಲೇ ಬರುತ್ತಿತ್ತು, ಸಸ್ಯಶಾಸ್ತ್ರ ವೈದ್ಯ ಕಲಿಕೆಯ ಭಾಗವಾಗಿತ್ತು. ಪುಣೆ ಬಳಿಯ ದಾಪುರಿ ಸಸ್ಯೋದ್ಯಾನ ನೋಡಿಕೊಂಡ ಅಲೆಕ್ಸಾಂಡರ್ ಗಿಬ್ಸನ್ ಕೂಡ ವೈದ್ಯರೇ. 1861ರಲ್ಲಿ ಅವರು ಸಸ್ಯಶಾಸ್ತ್ರಜ್ಞ ಡಾಲ್ಜೆಲ್ ಜೊತೆ ‘ಬಾಂಬೆ ಫ್ಲೋರಾ’ ಎಂಬ ಸಸ್ಯಗ್ರಂಥ ಹೊರತಂದರು.

ಥಿಯೊಡೋರ್ ಕುಕ್ ಅವರ ಮುಂಬಯಿ ಪ್ರಾಂತದ ಸಸ್ಯಗ್ರಂಥದಲ್ಲಿ (1901–08) ‘ಬೆಳಗಾವಿ, ರಿಚಿ’ ಎಂಬ ನಮೂದು ಮತ್ತೆ ಮತ್ತೆ ಸಿಗುತ್ತದೆ.

ಎರಿಯೋಕಾಲನ್ ರಿಚಿಯಾನಮ್ ಎಂಬ ಪುಟ್ಟ ಸಸ್ಯಕ್ಕೆ ರಿಚಿಯವರದೇ ಹೆಸರು. ಈ ಎರಿಯೋಕಾಲನ್ ಕುಲದ ಬಿಳಿ ಗುಂಡಿಯಂಥ ಹೂಗೊಂಚಲು ನೋಡಬೇಕೆಂದರೆ ಮಳೆಗಾಲ ಮುಗಿಯುವ ಹೊತ್ತಿಗೆ ಜಾಂಬೋಟಿ, ಕಣಕುಂಬಿ ಕಡೆಯ ನೀರು ನಿಂತ ಜಂಬಿಟ್ಟಿಗೆ ಬಯಲಿಗೆ ಹೋಗಿ, ಬಗ್ಗಿ ನೋಡಿ.