ದಿನದ ದರ, ತೂಕದ ಕೂಲಿ: ಅಡ್ಡಗದ್ದೆ ಸೀಮೆಯ ಅಡಿಕೆ ಸುಲಿತ ಮತ್ತು ಕನಿಷ್ಠ ವೇತನ ಕಾನೂನು

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಕನಿಷ್ಠ ವೇತನ ಏರಿಕೆಯ ಕರಡು ಅಧಿಸೂಚನೆ ಹೊರಡಿಸಿದಾಗ ವಾದವೆಲ್ಲ ಬಹುಮಟ್ಟಿಗೆ ತಿಂಗಳ ಮೊತ್ತದ ಸುತ್ತ ನಡೆಯಿತು. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಅಡಿಕೆ ಸೀಮೆಯಿಂದ ನೋಡಿದರೆ ಮೊತ್ತ ಎರಡನೆಯ ಪ್ರಶ್ನೆ. ಕೂಲಿಯನ್ನು ಯಾವ ಅಳತೆಯಲ್ಲಿ ಎಣಿಸುತ್ತಾರೆ ಎಂಬುದು ಮೊದಲನೆಯದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಕೊನೆ ತೆಗೆಯುವವರಿಗೂ ಔಷಧಿ ಹೊಡೆಯುವವರಿಗೂ ಕಾನೂನಿನ ಆಸರೆ ಅಷ್ಟಾಗಿ ಬೇಕಿಲ್ಲ. ಮರ ಹತ್ತುವವರು ಸಿಗುವುದೇ ಕಷ್ಟವಾದ್ದರಿಂದ ಅವರು ಹೇಳಿದ್ದೇ ದರ. ಸುಲಿಯುವವರ ಪಾಡು ಬೇರೆ. ಹೆಚ್ಚಿನವರು ಹೆಂಗಸರು. ಮೆಟ್ಟುಗತ್ತಿಯ ಮುಂದೆ ಕೂತು ಸುಲಿದದ್ದಕ್ಕೆ ತೂಕದ ಲೆಕ್ಕದಲ್ಲಿ ಕೂಲಿ. ಹಸಿ ಅಡಿಕೆ ಕಾದು ಕೂರುವ ಸರಕಲ್ಲ, ಬೇಗ ಸುಲಿದು ಬೇಯಿಸಬೇಕು. ಹೀಗಾಗಿ ಕೊಯ್ಲಿನ ದಿನಗಳಲ್ಲಿ ಕೆಲಸ ರಾತ್ರಿಗೂ ಚಾಚುತ್ತದೆ.

1951ರ ತೋಟ ಕಾರ್ಮಿಕರ ಕಾಯ್ದೆ ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾಗಳನ್ನು. ಏಲಕ್ಕಿ ಆಮೇಲೆ ಸೇರಿತು. ಆ ಪಟ್ಟಿಯಲ್ಲಿ ಅಡಿಕೆ ಇರಲಿಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಮಾತ್ರ 'ಕೃಷಿ'ಯ ವ್ಯಾಖ್ಯೆಯಲ್ಲಿ ಬೆಳೆಯನ್ನು ಮಾರುಕಟ್ಟೆಗೆ ಸಿದ್ಧಪಡಿಸುವ ಕೆಲಸವನ್ನೂ ಸೇರಿಸಿತ್ತು. ಅಂದರೆ ರೈತನ ಅಂಗಳದ ಸುಲಿತವೂ ಅದರೊಳಗೆ ಬರುತ್ತಿತ್ತು. ಅದರ 17ನೇ ಕಲಮಿನ ಪ್ರಕಾರ, ತೂಕಕ್ಕೆ ಕನಿಷ್ಠ ದರ ಗೊತ್ತುಮಾಡದೆ ದಿನದ ದರ ಮಾತ್ರ ಗೊತ್ತುಮಾಡಿದ್ದಲ್ಲಿ, ತೂಕದ ಮೇಲೆ ದುಡಿಯುವವರಿಗೂ ದಿನದ ದರಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ. ಕೃಷಿಯ ಮಟ್ಟಿಗೆ ಇಡೀ ರಾಜ್ಯಕ್ಕೆ ಬದಲು ಒಂದು ಭಾಗಕ್ಕಷ್ಟೇ ದರ ನಿಗದಿಮಾಡುವ ಅವಕಾಶವೂ 3ನೇ ಕಲಮಿನಲ್ಲಿತ್ತು. ಮಲೆನಾಡಿನ ಸುಲಿತಕ್ಕೆ ಪ್ರತ್ಯೇಕ ತೂಕದ ದರ ಕಟ್ಟಲು ಹೊಸ ಶಾಸನವೇನೂ ಬೇಕಿರಲಿಲ್ಲ ಎಂಬುದು ನನ್ನ ವಾದ.

ಅಷ್ಟು ಕೂಲಿ ಕೊಡಲಾಗದು ಎಂಬ ತೋಟದವರ ಆಕ್ಷೇಪ ಹುಸಿಯಲ್ಲ. ಹಳದಿ ಎಲೆ ರೋಗ ಈ ಮೂರು ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ, ಎಲೆಚುಕ್ಕಿಯೂ ಜೊತೆಗೂಡಿದೆ. ಎರಡೆಕರೆಯ ಯಜಮಾನ ಎಲ್ಲಿಂದ ತರಬೇಕು? ಆದರೆ ಕೇರಳದ ಹಂಚಿನ ಕಾರ್ಖಾನೆಗಳಿಗೆ ಸಂಬಂಧಿಸಿದ ಉಣ್ಣಿಚೋಯಿ ಪ್ರಕರಣದಲ್ಲಿ (1961) ಸುಪ್ರೀಂ ಕೋರ್ಟು, ಕನಿಷ್ಠ ವೇತನ ಗೊತ್ತುಮಾಡುವಾಗ ಮಾಲೀಕನ ಕೊಡುವ ಶಕ್ತಿ ಗಣನೆಗೆ ಬಾರದು ಎಂದಿತು. ರೋಗದ ನಷ್ಟಕ್ಕೆ ಪರಿಹಾರವನ್ನು ಸರ್ಕಾರದಿಂದ ಕೇಳಬೇಕೇ ಹೊರತು ಸುಲಿಯುವವಳ ಕೂಲಿಯಲ್ಲಿ ಮುರಿದುಕೊಳ್ಳುವುದಲ್ಲ.

ಇನ್ನು ಚೇಣಿಯ, ಅಂದರೆ ಫಸಲು ಗುತ್ತಿಗೆಯ, ತೊಡಕು. ಫಸಲನ್ನು ಚೇಣಿದಾರ ಹಿಡಿದು ತನ್ನ ಕಣದಲ್ಲಿ ಸುಲಿಸಿದರೆ ಅದು ಕೃಷಿಯೋ ವ್ಯಾಪಾರವೋ ಎಂಬ ತಕರಾರಿಗೆ ಹಳೆಯ ಕಾಯ್ದೆಗೆ ಒಳಪಡುವ ಉದ್ಯೋಗಗಳ ಅನುಸೂಚಿ ಎಡೆಗೊಟ್ಟಿತ್ತು. 2019ರ ವೇತನ ಸಂಹಿತೆ ಅನುಸೂಚಿಯನ್ನೇ ಕೈಬಿಟ್ಟು ಎಲ್ಲ ಉದ್ಯೋಗಗಳನ್ನೂ ಒಳಗೊಂಡಿದ್ದು, 17ನೇ ಕಲಮಿನ ತತ್ವವನ್ನು ಉಳಿಸಿಕೊಂಡಿದೆ. ಆ ತಕರಾರು ತೀರಿತು; ಪುರಾವೆಯ ಪ್ರಶ್ನೆ ತೀರಲಿಲ್ಲ. ದಿನದ ದರ ಕೇಳಬೇಕಾದರೆ ಎಷ್ಟು ಹೊತ್ತು ದುಡಿದಳೆಂದು ತೋರಿಸಬೇಕು. ಸುಲಿತದ ಲೆಕ್ಕದಲ್ಲಿ ಬರೆದಿಡುವುದು ಹೆಸರು ಮತ್ತು ತೂಕ, ಕೂತ ಹೊತ್ತನ್ನಲ್ಲ.